ನೀರು ಇಳಿದ ರಾಡಿ

ಯುದ್ಧದ ಕಾಲದಲ್ಲಿ ನನ್ನ ಯಜಮಾನರಿಗೆ ಹುಬ್ಬಳ್ಳಿಯ ಹೊರಗೆ, ಗಟಾರದ ರಾಡಿ ಒಣಗಿಸುವ ಜಾಗದಲ್ಲಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು. ಜೊತೆಗೆ ಕಲಿತವರೆಲ್ಲ ಶಾಲೆ, ಕಚೇರಿ ಸೇರಿದ್ದರು. ಇದಾದರೂ ಸಿಕ್ಕಿತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ರಾಡಿಯನ್ನು ಹಾಗೇ ಬಿಸಿಲಿಗೆ ಬಿಟ್ಟರೆ ಮೇಲೆ ಕೆನೆಗಟ್ಟಿ, ಒಳಗೆ ಅಂಬಲಿಯಂತೆ ಹಸಿಯಾಗಿಯೇ ಉಳಿದು ನಾರುತ್ತದೆ. ಅದಕ್ಕೇ ಸಣ್ಣ ಹರಳುಕಲ್ಲಿನ ಮೇಲೆ ಉಸುಕು ಹಾಸಿ, ಅದರ ಮೇಲೆ ರಾಡಿಯನ್ನು ತೆಳ್ಳಗೆ ಹರವಿ, ನೀರು ಕೆಳಗೆ ಬಸಿಯಲು ಬಿಡುತ್ತಿದ್ದರು. ನಾನು ಶ್ರೀಖಂಡಕ್ಕೆ ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗುಹಾಕುವುದಿಲ್ಲವೇ, ಹಾಗೆ. ನೀರು ಇಳಿದ ಮೇಲೆ ಬಿಸಿಲಿನ ಕೆಲಸ. ಕಡೆಗೆ ಅದು ಬಿರುಕು ಬಿಟ್ಟು ಕರಿ ಹೆಂಟೆಗಳಾಗುತ್ತಿತ್ತು. ಒಳ್ಳೆಯ ಗೊಬ್ಬರ. ಮಾವನವರ ತಮ್ಮ, ನಮ್ಮ ಕಾಕಾ, ಮುಗದ ಊರಿನ ತಮ್ಮ ತೋಟಕ್ಕೆ ಅದನ್ನೇ ಚಕ್ಕಡಿಯಲ್ಲಿ ಹೇರಿಸಿ ಒಯ್ಯುತ್ತಿದ್ದರು.

ಮಾವನವರ ಶ್ರಾದ್ಧ ಬಂತು. ಯಜಮಾನರು ಒಬ್ಬನೇ ಮಗ, ಪ್ರತಿ ವರ್ಷ ಪಿಂಡ ಇಡುತ್ತಿದ್ದವರು ಅವರೇ. ಆ ಬೆಳಿಗ್ಗೆ ಕಾಕಾ ಪಡಸಾಲೆಯಲ್ಲಿ ಕೂತು ಹೇಳಿದರು:

"ಈ ಸಲ ಅಣ್ಣಗ ನಾನs ಪಿಂಡ ಇಡ್ತೇನಿ. ನೀ ಹಿತ್ತಲದಾಗ ಕೂಡು."

"ಸ್ನಾನ ಮಾಡೇನಲ್ರಿ ಕಾಕಾ."

"ಎಷ್ಟು ಕೊಡ ಸುರಕೊಂಡ್ರೇನಪಾ, ಊರ ಹೊಲಸಿನ್ಯಾಗ ನಿಂತಾಂವ ನೀ."

"ಅದs ಹೊಲಸು ನಿಮ್ಮ ಹಾಗಲ ಬಳ್ಳಿ ಬುಡಕ್ಕ ಅದ ಅಲ್ರಿ?"

"ಅದು ಒಣಗಿದ್ದು. ಒಣಗಿದ್ದಕ್ಕ ಮೈಲಿಗಿ ಇಲ್ಲ. ನೀ ನಿಲ್ಲೂದು ಹಸೀದರಾಗ."

"ಯಾರರೆ ನೀರು ಇಳಸದs ಅದು ಒಣಗೂದು ಹ್ಯಾಂಗ್ರಿ?"

ಕಾಕಾ ನನ್ನತ್ತ ತಿರುಗಿದರು. "ಅಡಿಗಿ ನೀನs ಮಾಡವಾ. ನಿನಗೇನೂ ದೋಷ ಇಲ್ಲ." ಅವರ ಮನೆಯಿಂದ ಅಡಿಗೆಗೆ ಯಾರೂ ಬಂದಿರಲಿಲ್ಲ.

ಒದ್ದೆ ಸೀರೆ ಉಟ್ಟು ಒಲೆ ಹಚ್ಚಿದೆ. ಹಾಗಲಕಾಯಿ ಕಾಕಾನ ತೋಟದ್ದೇ, ಗೇಣುದ್ದ, ಹೊಳೆಯುತ್ತಿತ್ತು. ಎಲೆಗೆ ಬಡಿಸಿದರೆ ಕಾಕಾ ಎರಡನೆಯ ಸಲ ಹಾಕಿಸಿಕೊಂಡರು. ಅದಕ್ಕೆ ಮೊದಲು, ಪಿಂಡ ಇಡುವಾಗ, ಹಿತ್ತಲಲ್ಲಿ ಯಜಮಾನರು ಒಳಗಿನ ಮಂತ್ರ ಕೇಳುತ್ತ ಕೂತಿದ್ದರು. ಅಪ್ಪನ ಹೆಸರು ಬಂದಾಗ ಅವರ ತುಟಿಯೂ ಅಲುಗಿತು. ಎಲ್ಲರದ್ದೂ ಆದ ಮೇಲೆ ಅವರಿಗೆ ಅಲ್ಲೇ ಬಡಿಸಿದೆ. ಹಾಗಲಕಾಯಿಯನ್ನು ಎಲೆಯ ಅಂಚಿಗೆ ಸರಿಸಿ ಉಳಿದದ್ದನ್ನು ಉಂಡರು. ಉಪವಾಸ ಎದ್ದುಹೋಗಲಿಲ್ಲವಲ್ಲ, ಅದೇ ದೇವರ ದಯೆ ಎಂದುಕೊಂಡೆ. ದಿನವೂ ಎಲ್ಲರನ್ನೂ ಕಾಪಾಡಪ್ಪಾ ಎಂದು ಬೇಡುತ್ತೇನೆ. ಕಾಕಾನ ಹೆಸರಿಗೆ ಬಂದಾಗ ಮಾತ್ರ ನಾಲಗೆ ಇಂದಿಗೂ ತಡೆಯುತ್ತದೆ.

ಕೆಲವು ದಿನಗಳಾದ ಮೇಲೆ ಕಾಕಾನ ಚಕ್ಕಡಿಯವನು ನಮ್ಮ ಬಾಗಿಲಿಗೆ ಬಂದ.

"ಗೊಬ್ಬರ ಲಗೂ ಹೇರಕೊಂಡು ಬಾ ಅಂದಾರ್ರಿ ಧಣ್ಯಾರು."

"ಇನ್ನಾ ನೀರು ಇಳದಿಲ್ಲಪಾ," ಎಂದರು ಯಜಮಾನರು. "ಮುಂದಿನ ವಾರ ಬಾ. ಹಸೀದು ಒಯ್ದ್ರ ನಿಮ್ಮ ಧಣಿಗೆ ಮೈಲಿಗಿ ಆದೀತು."

ಅವನು ನಕ್ಕ. ಇವರು ನಗಲಿಲ್ಲ. ಮುಂದಿನ ವಾರ ಒಣ ಗೊಬ್ಬರವನ್ನೇ ಹೇರಿಸಿ ಕಳಿಸಿದರು.

ಮರುವರ್ಷದ ಶ್ರಾದ್ಧಕ್ಕೂ ಪಿಂಡ ಇಟ್ಟದ್ದು ಕಾಕಾ. ಯಜಮಾನರು ಹಿತ್ತಲಲ್ಲಿ ಕೂಡಲಿಲ್ಲ, ನಸುಕಿನಲ್ಲೇ ಕೆಲಸಕ್ಕೆ ಹೋದರು. ತೋಟದಿಂದ ಬುಟ್ಟಿ ತುಂಬ ಹಾಗಲಕಾಯಿ ಬಂದಿತ್ತು. ಹೆಚ್ಚಲು ಕೂತೆ.