ಮನೆ ಇಳಿಸುತ್ತಿದ್ದ ಕಾಕು

ಹೋದ ವಾರ ನಮ್ಮ ಪಕ್ಕದ, ಸಾಲುಖೋಲಿಗಳ ಹಳೆಯ ಚಾಳನ್ನು ಕೆಡವಲು ಶುರು ಮಾಡಿದರು. ಧೂಳು ಏಳಬಾರದೆಂದು ಟ್ಯಾಂಕರಿನಿಂದ ನೀರು ಹೊಡೆಯುತ್ತಿದ್ದರು. ಕಿಟಕಿ ಮುಚ್ಚಲು ಹೋದವಳಿಗೆ ಆ ವಾಸನೆ ಬಡಿಯಿತು. ಹಳೆಯ ಇಟ್ಟಿಗೆ, ಹಳೆಯ ಸುಣ್ಣದ ಗಾರೆ, ಅದರ ಮೇಲೆ ನೀರು. ಮಳೆ ಬಿದ್ದ ಹೊಲದ ವಾಸನೆಯಂತಲ್ಲ ಅದು; ಸ್ವಲ್ಪ ಖಾರ, ಗಂಟಲಿಗೆ ಹತ್ತುವಂಥದ್ದು. ಕಿಟಕಿ ಮುಚ್ಚದೆ ಹಾಗೇ ನಿಂತುಬಿಟ್ಟೆ. ಕಾಕುವಿನ ಸೀರೆಗೆ ವರ್ಷವಿಡೀ ಇದೇ ವಾಸನೆ ಇರುತ್ತಿತ್ತು...

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವಳು ನಮಗೆ ರಕ್ತಸಂಬಂಧಿಯಲ್ಲ. ನನ್ನ ಅವ್ವನ ಊರಿನವಳು, ಗದಗಿನ ಕಡೆಯ ಒಂದು ಹಳ್ಳಿಯವಳು. ಎಪ್ಪತ್ತರ ದಶಕದಲ್ಲಿ ನಾವು ಮುಂಬಯಿ ಕಡೆಯ ಕಲ್ಯಾಣ ಊರಿನ ಪಕ್ಕ, ಶಹಾಡ್ ಸ್ಟೇಷನ್ನಿನ ಆಚೆ ಬಾಡಿಗೆ ಖೋಲಿಯಲ್ಲಿದ್ದೆವು. ಅಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಹೆಲ್ಪರ್. ನಮ್ಮ ಖೋಲಿಯ ಬೆನ್ನಿಗೇ ಕಾಕುವಿನ ಗಂಡ ಕಾಕಾನ ವಖಾರಿ, ಸಾಮಾನು ಪೇರಿಸುವ ಜಾಗ. ವಾಡೆ ಎಂಬ ಹಳೆಯ ದೊಡ್ಡ ಮನೆ, ಹಳೆಯ ಚಾಳುಗಳನ್ನು ಕೆಡವಲು ಗುತ್ತಿಗೆ ಹಿಡಿದು, ಅಲ್ಲಿಯ ಬಾಗಿಲು, ತೊಲೆ, ಹೆಂಚು, ಇಟ್ಟಿಗೆ ತಂದು ಮಾರುವ ಧಂದೆ ಅವರದು.

ಅವಳ ಮದುವೆ ನಡೆದದ್ದೇ ಒಂದು ಶಬ್ದವನ್ನು ತಪ್ಪಾಗಿ ಕೇಳಿಸಿಕೊಂಡದ್ದರಿಂದ. ಇಲ್ಲಿಯ ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಹುಡುಗನಿಗೆ ಕಲ್ಯಾಣದಲ್ಲಿ ಭಂಗಾರದ ಧಂದೆ ಇದೆ ಎಂದು ನಡುವಿನವರು ಹೇಳಿದರು. ಹಳ್ಳಿಯವರ ಕಿವಿಗೆ ಅದು ಬಂಗಾರ ಎಂದೇ ಬಿತ್ತು. ಅಪ್ಪನಾದವನು ಹಿಗ್ಗಿನಿಂದ ಮದುವೆ ಮಾಡಿಕೊಟ್ಟ.

ಇದನ್ನು ಕಾಕುವೇ ನಗುನಗುತ್ತ ಹೇಳುತ್ತಿದ್ದಳು. "ಗಾಜಿನ ಕಪಾಟ ಇರತಾವ, ತಕ್ಕಡಿ ಇರತದ ಅಂತ ಬಂದೆ ನೋಡವಾ. ತಕ್ಕಡಿ ಇತ್ತು. ಎಮ್ಮಿ ತೂಗುವಷ್ಟು ದೊಡ್ಡದು."

ಆದರೆ ಕತೆಯ ಇನ್ನೊಂದು ತುದಿಯನ್ನು ಅವಳು ನಗುತ್ತ ಹೇಳುತ್ತಿರಲಿಲ್ಲ. ಮಗಳನ್ನು ನೋಡಲು ಬಂದ ಅಪ್ಪ ವಖಾರಿಯ ಗೇಟಿನಲ್ಲೇ ನಿಂತು, ಅಲ್ಲಿದ್ದ ಮುರುಕು ಕಿಟಕಿಗಳ ರಾಶಿ ನೋಡಿ, "ಮನಿಮುರುಕರ ಹೊಸ್ತಿಲಾ ನಾ ತುಳಿಯಂಗಿಲ್ಲ" ಎಂದು ಹಾಗೇ ತಿರುಗಿ ಹೋಗಿದ್ದ. ನಮ್ಮ ಕಡೆ ಅದು ಸಾಮಾನ್ಯ ಬೈಗುಳವಲ್ಲ. ಕೂಡಿ ಬಾಳುವವರನ್ನು ಒಡೆಯುವವರಿಗೆ, ಇನ್ನೊಬ್ಬರ ಸಂಸಾರ ಹಾಳು ಮಾಡಿ ಉಣ್ಣುವವರಿಗೆ ಅನ್ನುವ ಮಾತು. ಕಾಕುವಿಗೆ ಅದು ಮುಳ್ಳಿನಂತೆ ಒಳಗೇ ಉಳಿಯಿತು. ಅಪ್ಪ ಒಮ್ಮೆ ತನ್ನ ಮನೆಗೆ ಬರಬೇಕು, ಆ ಮಾತು ಅವನ ಬಾಯಿಂದಲೇ ಹೋಗಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಅವ್ವನ ಮುಂದೆ ಹೇಳಿಕೊಂಡು ಅಳುವುದು ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು.

ಅಳುತ್ತ ಕೂತವಳಲ್ಲ ಮಾತ್ರ. ಕಾಕಾ ಮೃದು ಮನುಷ್ಯ. ಗುತ್ತಿಗೆ ಹಿಡಿಯಲು ತಿರುಗುವುದು ಅವನ ಪಾಲು, ಕೆಲಸ ಮಾಡಿಸುವುದು ಇವಳ ಪಾಲಾಯಿತು. ಉಳಿದವರು ಗೋಡೆಯ ಬುಡಕ್ಕೇ ಪೆಟ್ಟು ಹಾಕಿ ಮನೆಯನ್ನು ಬೀಳಿಸುತ್ತಿದ್ದರು. ಕೈಗೆ ಹತ್ತಿದ್ದನ್ನು ಎತ್ತಿಕೊಂಡು, ಮಿಕ್ಕ ಕಲ್ಲುಮಣ್ಣಿನ ರಾಡಾರೋಡಾವನ್ನು ಖಾಡಿಯ, ಅಂದರೆ ಕಡಲ ಹಿನ್ನೀರಿನ ದಂಡೆಗೆ ಸುರಿದು ಹೋಗುತ್ತಿದ್ದರು. ಕಾಕುವಿನ ರೀತಿ ಬೇರೆ. ಕಟ್ಟಿದವರು ಹೇಗೆ ಏರಿಸಿದ್ದರೋ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಮೊದಲು ಹೆಂಚು, ಆಮೇಲೆ ಪಟ್ಟಿ, ತೊಲೆ, ಚೌಕಟ್ಟಿನ ಸಮೇತ ಬಾಗಿಲು, ಗೋಡೆ, ಕಟ್ಟಕಡೆಗೆ ಪಾಯದ ಕಲ್ಲು. ಇಡೀ ಇಟ್ಟಿಗೆ ಹೊಸ ಗೋಡೆಗೆ. ತುಂಡು ಇಟ್ಟಿಗೆ ಗಚ್ಚಿನ ಕೋಬಾಕ್ಕೆ, ಅಂದರೆ ಮಾಳಿಗೆ ಸೋರದಂತೆ ಹಾಕುವ ಪದರಕ್ಕೆ. ಪುಡಿಯನ್ನು ಜರಡಿ ಹಿಡಿದು ಗಾರೆಗೆ. ಉಳಿದ ಹೆಂಟೆ ತಗ್ಗು ತುಂಬಲು. ಅವಳ ಬಾಯಲ್ಲಿ ಮುರಿ ಎಂಬ ಶಬ್ದ ಬರುತ್ತಿರಲಿಲ್ಲ. "ಇಳಸೂದು ಅನ್ರಿ," ಎಂದು ಕಾಕಾನನ್ನೂ ತಿದ್ದುತ್ತಿದ್ದಳು. "ನಾವು ಮನೀ ಇಳಸೋರು."

ನಮ್ಮ ಸ್ವಂತ ಮನೆ ಎದ್ದದ್ದು ಅವಳಿಂದ. ಠಾಕುರ್ಲಿಯಲ್ಲಿ ಅಪ್ಪ ಒಂದು ತುಣುಕು ಜಾಗ ಕೊಂಡರು. ಅಗ್ಗಕ್ಕೆ ಸಿಕ್ಕಿತ್ತು, ಏಕೆಂದರೆ ಮಳೆಗಾಲದಲ್ಲಿ ಅದು ಕೆರೆ. "ಕಪ್ಪಿಗೆ ಮನೀ ಕಟ್ಟಸ್ತೀಯೇನೋ?" ಎಂದು ಅಪ್ಪನ ಗೆಳೆಯರು ಕಾಡಿಸಿದರು. ಕಾಕು ಬಂದು ನೋಡಿದಳು. ಮರುದಿನದಿಂದ ಅವಳ ಲಾರಿ ಬರತೊಡಗಿತು. ಯಾರದೋ ವಾಡೆಯ ಹೆಂಟೆಯಿಂದ ನಮ್ಮ ತಗ್ಗು ತುಂಬಿತು. ಯಾರದೋ ಚಾಳಿನ ಇಟ್ಟಿಗೆ ನಮ್ಮ ಗೋಡೆಯಾಯಿತು. ಒಂದು ಬಾಗಿಲು ಹಸಿರು, ಇನ್ನೊಂದು ನೀಲಿ. ಅಡುಗೆ ಮನೆಯ ಕಿಟಕಿಗೆ ಯಾವ ಸಾಹುಕಾರನ ದಿವಾಣಖಾನೆಯದೋ ಬಣ್ಣದ ಗಾಜು. ಓಣಿಯ ಹುಡುಗರು ಭಂಗಾರವಾಡಾ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಹೆಣ್ಣು ನಾನು, ಪದವಿ ಪಡೆದ ಮೊದಲ ಜೀವವೂ ನಾನೇ. ಆ ಓದು ನಡೆದದ್ದು ಭಂಗಾರವಾಡಾದ ಬಣ್ಣದ ಗಾಜಿನ ಬೆಳಕಿನಲ್ಲಿ. ಇವತ್ತಿಗೂ ಎದೆ ಎತ್ತಿ ಹೇಳುತ್ತೇನೆ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಕಾಕುವಿನ ಅಪ್ಪ ನಮ್ಮ ಪಕ್ಕದ ಡೊಂಬಿವಲಿಗೆ ಸಂಬಂಧಿಕರ ಮದುವೆಗೆಂದು ಬಂದ. ಮಗಳ ಮನೆಗೆ ಹೋಗುವವನಲ್ಲ. ಅವ್ವ ತನ್ನ ಊರಿನವಳೆಂದು ನಮ್ಮಲ್ಲಿ ಉಳಿದ. ಅವನು ಬರುವ ಮೊದಲೇ ಕಾಕು ಓಡಿ ಬಂದು ಅವ್ವನ ಕೈ ಹಿಡಿದಳು.

"ಅಕ್ಕಾ, ಇದು ನನ್ನ ಸಾಮಾನ ಅಂತ ಅವಗ ಹೇಳಬ್ಯಾಡ್ರಿ. ತಿಳೀತಂದ್ರ ಹಸಕೊಂಡು ಎದ್ದು ಹೊಕ್ಕಾನ. ನೆಟ್ಟಗ ಊಟಾನಾದ್ರೂ ಮಾಡ್ಲಿ."

ಅಜ್ಜ ಊಟ ಮಾಡಿದ, ನಿದ್ದೆ ಮಾಡಿದ. ಮದುವೆ ಮುಗಿದ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಬಾಗಿಲಿನ ಮೇಲೆ ಕೈಯಾಡಿಸಿದ. "ಭಾಳ ಹಳೇ ಸಾಗವಾನಿ ಇದು. ಹಿಂತಾದ್ದು ಎಲ್ಲಿ ಹುಡಕಿದ್ರಿ?"

ಅಪ್ಪ ಕೆಮ್ಮಿದರು. ಅವ್ವ ಒಲೆಯ ಕಡೆ ತಿರುಗಿದಳು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಮಗಳು ಕೊಟ್ಟದ್ದು, ಅಜ್ಜಾ. ಬಾಗಲಾ ಅಷ್ಟ ಅಲ್ಲ. ನೀವು ಕುಂತ ಕಟ್ಟೀನೂ ಆಕೀದ, ಗ್ವಾಡೀನೂ ಆಕೀದ."

ಅಜ್ಜ ಬಸಿಯನ್ನು ಕೆಳಗಿಟ್ಟ. ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಗೋಡೆ ನೋಡಿದ, ಮಾಳಿಗೆ ನೋಡಿದ. "ಹಂಗಾದ್ರ ಬಂದಾಗಿಂದ ಆಕೀ ಮನ್ಯಾಗ ಉಣ್ಣಾಕಹತ್ತೀನಿ ಅಂದಂಗಾತು."

"ಮನೀ ನಮ್ಮದರೀ, ಹಿರ್ಯಾರ," ಎಂದಳು ಅವ್ವ, ಹೆದರುತ್ತ.

"ನೀ ಸುಮ್ಮಿರವಾ. ಎಲ್ಲದಾಳ ಆಕಿ?"

ಲೋಕಲ್ ಹಿಡಿದು ನಾನೇ ಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಒಂದು ದೊಡ್ಡ ವಾಡೆಯಲ್ಲಿ ಕೆಲಸ ನಡೆದಿತ್ತು. ನಡುಮನೆಯ ತೊಲೆಯನ್ನು ಹಗ್ಗಗಳಿಂದ ಕೆಳಗೆ ಬಿಡುತ್ತಿದ್ದರು. ಒಂದು ಹಗ್ಗದ ತುದಿ ಕಾಕುವಿನ ಕೈಯಲ್ಲೇ ಇತ್ತು. "ಹಳೂ ಸೋಡ... ಹಳೂ..." ಎಂದು, ಮೆಲ್ಲಗೆ ಬಿಡಿರೆಂದು ಮರಾಠಿಯಲ್ಲಿ ಕೂಗುತ್ತಿದ್ದವಳು ಅಪ್ಪನನ್ನು ಕಂಡಳು. ಆದರೆ ಕೈ ಸಡಿಲಾಗಲಿಲ್ಲ. ಕೆಳಗೆ ಆಳುಗಳಿದ್ದರು. ತೊಲೆ ನೆಲ ಮುಟ್ಟುವವರೆಗೆ ಅಜ್ಜ ಬಿಸಿಲಿನಲ್ಲೇ ನಿಂತಿದ್ದ. ಆಮೇಲೆ ಅವಳು ಕೈ ಒರೆಸಿಕೊಂಡು ಬಂದು ಕಾಲಿಗೆ ಬಿದ್ದಳು.

ಅವನು ತೊಲೆಯ ಸುತ್ತ ಒಂದು ಸುತ್ತು ಹಾಕಿದ, ಸಂತೆಯಲ್ಲಿ ಎತ್ತು ನೋಡುವವರ ಹಾಗೆ. "ಎಲ್ಲಿಗೆ ಹೊಕ್ಕದ ಇದು?"

"ಉಲ್ಲಾಸನಗರದಾಗ ಒಬ್ಬರ ಅಟ್ಟಕ್ಕ."

"ಈ ಇಟ್ಟಂಗಿ?"

"ಇಲ್ಲೇ ಒಂದು ಬಾಲವಾಡಿಗೆ."

"ಮತ್ತ ಈ ಪುಡಿ?"

"ಅದೂ ಹೊಕ್ಕದಪ್ಪಾ, ಸುಣ್ಣದ ಸಂಗಾಟ."

"ಏನೂ ಚೆಲ್ಲಂಗಿಲ್ಲಾ?"

"ಏನೂ ಚೆಲ್ಲಂಗಿಲ್ಲ."

"ಮಧ್ಯಾಹ್ನಕ್ಕ ಏನು ಅಡಗಿ ಮಾಡೀದಿ?" ಎಂದು ಕೇಳಿದ ಅಜ್ಜ.

ಅವತ್ತು ಅವನು ಮಗಳ ಮನೆಯಲ್ಲಿ ರೊಟ್ಟಿ ಉಂಡ. ಹಿಂದಿನ ಮಾತಿಗೆ ತಪ್ಪಾಯಿತು ಎನ್ನಲಿಲ್ಲ. ಹಾಗೆ ಅನ್ನುವ ತಲೆಮಾರಲ್ಲ ಅದು. ಕಾಕುವೂ ಕೇಳಲಿಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ಅವ್ವ ತವರಿಗೆ ಹೋಗಿ ಬಂದು ಒಂದು ಸುದ್ದಿ ತಂದಳು. ಊರ ಕಟ್ಟೆಯ ಮೇಲೆ ಯಾರೋ ಅಜ್ಜನನ್ನು, ನಿನ್ನ ಮಗಳು ಅಲ್ಲಿ ಏನು ಮಾಡತಾಳೋ ಎಂದು ಕೇಳಿದರಂತೆ. "ಹಳೇ ಮನೀ ಇಳಸ್ತಾಳ," ಎಂದನಂತೆ ಅಜ್ಜ. "ಒಂದು ಇಟ್ಟಂಗಿ ಒಡೀಲಾರದಂಗ."

ಕಾಕು ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರ ಪಕ್ಕಕ್ಕಿಟ್ಟಳು. "ಇಳಸ್ತಾಳ ಅಂದನಾ? ಮುರೀತಾಳ ಅನ್ನಲಿಲ್ಲಾ?"

"ಇಳಸ್ತಾಳ ಅಂತ ಅಂದ, ತಂಗಿ."

"ಇನ್ನೊಮ್ಮಿ ಹೇಳ್ರಿ, ಅಕ್ಕಾ."

ಅವ್ವ ಇನ್ನೊಮ್ಮೆ ಹೇಳಿದಳು. ಅಂದು ಸಂಜೆಯವರೆಗೆ ಎಷ್ಟು ಸಲ ಹೇಳಬೇಕಾಯಿತೋ...

ಕಾಕು ಹೋಗಿ ಬಹಳ ವರ್ಷಗಳಾದವು. ವಖಾರಿಯ ಜಾಗದಲ್ಲಿ ಈಗ ಎತ್ತರದ ಕಟ್ಟಡವಿದೆ. ಅವಳು ಇಳಿಸಿ ಕಳಿಸಿದ ಇಟ್ಟಿಗೆಗಳು ಠಾಕುರ್ಲಿಯಿಂದ ಶಹಾಡ್‌ವರೆಗೆ ಎಷ್ಟು ಗೋಡೆಗಳೊಳಗೆ ಇದ್ದವೋ, ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇಲೆ ಪ್ಲಾಸ್ಟರ್, ಅದರ ಮೇಲೆ ಬಣ್ಣ. ಈ ಓಣಿಗಳಲ್ಲಿ ನಡೆಯುವಾಗ ಹಳೆಯ ಗೋಡೆ ಕಂಡರೆ ಇದೂ ಅವಳದೇ ಇರಬಹುದು ಅಂದುಕೊಳ್ಳುತ್ತಿದ್ದೆ, ನನ್ನ ತವರಿನದೇ ಒಂದು ಭಾಗ ಎಂಬಂತೆ ಹೆಮ್ಮೆಪಡುತ್ತಿದ್ದೆ. ಈಗ ಆ ಗೋಡೆಗಳೂ ಒಂದೊಂದಾಗಿ ಹೋಗುತ್ತಿವೆ. ಹೋದ ವಾರದ ಆ ಚಾಳಿನಲ್ಲಿ ಅವಳ ಪಾಲು ಎಷ್ಟಿತ್ತೋ... ಕೇಳೋಣವೆಂದರೆ ಕಾಕು ಇಲ್ಲ.