ತಪ್ಪು ಉತ್ತರಕ್ಕೊಂದು ಜಾಗ

ಹೊಳೆನರಸೀಪುರದ ಪುಟ್ಟಸ್ವಾಮಿಯವರ ಮಗಳು ಮೇಘಶ್ರೀಗೆ ಹಾಸನದಲ್ಲಿ ಕೆಲಸ ಸಿಕ್ಕಾಗ, ಅದು ಎಂಥ ಕೆಲಸ ಎಂದು ಅಪ್ಪನಿಗೆ ತಿಳಿಸಿ ಹೇಳಲು ಇಡೀ ಒಂದು ಭಾನುವಾರ ಹಿಡಿಯಿತು. ಆಲೂಗಡ್ಡೆ ಹೊಲದ ಬದುವಿನ ಮೇಲೆ ಕೂತು ಅವಳು ವಿವರಿಸಿದಳು. ಒಂದು ಸಂಸ್ಥೆ ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತದ ಪಾಠ ಮಾಡುತ್ತದೆ. ಪಾಠದ ಕೊನೆಗೆ ಲೆಕ್ಕಗಳಿರುತ್ತವೆ. ಅವನ್ನು ಬರೆಯುವವರು ಈ ಕಡೆಯ ಮೇಷ್ಟ್ರುಗಳೇ. ಅವರು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಪುಟವಿದೆಯಲ್ಲ, ಅದನ್ನು ತಯಾರು ಮಾಡುವುದು ಅವಳ ಕೆಲಸ.

"ಅಂಗಂದ್ರೆ ನೀನು ಲೆಕ್ಕನೂ ಬರೆಯಕಿಲ್ಲ, ಪಾಠನೂ ಮಾಡಕಿಲ್ಲ," ಎಂದರು ಪುಟ್ಟಸ್ವಾಮಿ.

"ಇಲ್ಲ ಕಣಪ್ಪ. ಬರೆಯೋರಿಗೆ ಸ್ಲೇಟು ಮಾಡ್ಕೊಡ್ತೀನಿ."

"ಒಳ್ಳೇದೇ ಆಯ್ತು ಓಗು. ಸ್ಲೇಟು ನುಣ್ಣಗಿದ್ರೆ ತಾನೆ ಬಳಪ ಓಡೋದು."

ಆಫೀಸಿನಲ್ಲಿ ಅವಳ ಕೈಗೆ ಬಂದ ಸ್ಲೇಟು ನುಣ್ಣಗಿರಲಿಲ್ಲ. ಹಿಂದೆ ಯಾರೋ ಮಾಡಿಟ್ಟುಹೋದ ಪುಟ ಅದು. ಪ್ರಶ್ನೆಗೊಂದು, ಉತ್ತರಕ್ಕೊಂದು, ಚಿತ್ರಕ್ಕೊಂದು ಗುರುತು. ಎಲ್ಲವನ್ನೂ ಚೂಪು ಕಂಸಗಳ ನಡುವೆ ಕೂರಿಸಬೇಕು. ಒಂದು ಕಂಸ ಬಿಟ್ಟುಹೋದರೂ ಪರದೆ ಪೂರ್ತಿ ಕೆಂಪಾಗಿ, ಇಂಗ್ಲಿಷಿನಲ್ಲಿ ಗದರುತ್ತಿತ್ತು. ಮೇಷ್ಟ್ರುಗಳು ಅದರ ಸಹವಾಸವೇ ಬೇಡವೆಂದು ಲೆಕ್ಕಗಳನ್ನು ಹಾಳೆಯಲ್ಲಿ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದರು. ಮೇಘಶ್ರೀ ಕೂತು ಟೈಪು ಮಾಡುತ್ತಿದ್ದಳು. ಕಚೇರಿಯ ಮುಖ್ಯಸ್ಥ ಶಾಂತರಾಜು ಅವರದು ಒಂದೇ ಮಾತು: "ಇನ್ನೊಂದ್ಸಲ ಟ್ರೈನಿಂಗ್ ಕೊಟ್ರೆ ಎಲ್ಲ ಸರಿಹೋಗುತ್ತೆ. ನೀವೇ ಹೋಗ್ಬನ್ನಿ."

ಅವಳು ಮೊದಲು ಹೋದದ್ದು ಶ್ರವಣಬೆಳಗೊಳದ ಹತ್ತಿರದ ಹೈಸ್ಕೂಲಿನ ಗಣಿತದ ಟೀಚರ್ ರಾಜೀಮತಿಯವರ ಬಳಿಗೆ. ಬರುತ್ತಿದ್ದ ಲೆಕ್ಕಗಳಲ್ಲೆಲ್ಲ ಅವರವೇ ಚಂದ. ಅವರ ಲೆಕ್ಕಗಳಲ್ಲಿ ಬೆಟ್ಟದ ನೆರಳು ಕೊಳದ ಕಡೆಗೆ ಹರಿಯುತ್ತಿತ್ತು, ಎಳನೀರು ಮಾರುವವಳು ಚಿಲ್ಲರೆಗೆ ಪರದಾಡುತ್ತಿದ್ದಳು. ಶಾಲೆಯ ಕಂಪ್ಯೂಟರಿನ ಮುಂದೆ ರಾಜೀಮತಿ ಕನ್ನಡಕ ಸರಿಮಾಡಿಕೊಂಡು ಕೂತರು. ಮೇಘಶ್ರೀ ಪಕ್ಕದಲ್ಲಿ ಕೂತು, ಏನೇ ಆದರೂ ನಡುವೆ ಕೈ ಹಾಕಬಾರದೆಂದು ಕೈಗಳೆರಡನ್ನೂ ಮಡಿಲಲ್ಲಿ ಇಟ್ಟುಕೊಂಡಳು.

ಟೀಚರ್ ಟೈಪು ಮಾಡಿದರು. ಪರದೆ ಕೆಂಪಾಯಿತು. ಅಳಿಸಿದರು, ಮತ್ತೆ ಬರೆದರು. ಮತ್ತೆ ಕೆಂಪು.

"ನಾನು ಓದೋ ಕಾಲದಲ್ಲೂ ನನ್ನ ಪೇಪರ್ ಮೇಲೆ ಯಾರೂ ಇಷ್ಟೊಂದು ಕೆಂಪು ಇಂಕು ಖರ್ಚು ಮಾಡಿರ್ಲಿಲ್ಲ ಕಣಮ್ಮ," ಎಂದು ರಾಜೀಮತಿ ನಕ್ಕುಬಿಟ್ಟರು.

ಮೇಘಶ್ರೀಗೂ ನಗು ಬಂತು. ಟ್ರೈನಿಂಗಿಗೆಂದು ತಂದಿದ್ದ ಹಾಳೆಗಳು ಚೀಲದಲ್ಲೇ ಉಳಿದವು. "ಕಂಪ್ಯೂಟರ್ ಬಿಡಿ ಮೇಡಂ," ಎಂದಳು. "ಇದು ಹೇಗಿದ್ರೆ ನಿಮಗೆ ಸಲೀಸು ಅಂತ ನೀವೇ ಹೇಳಿ."

ಶಾಲೆ ಬಿಟ್ಟ ಮೇಲೆ ಇಬ್ಬರೂ ಜಿನನಾಥಪುರದಲ್ಲಿದ್ದ ರಾಜೀಮತಿಯವರ ಮನೆಗೆ ಹೋದರು. ಮೇಘಶ್ರೀ ಒಂದು ಡ್ರಾಯಿಂಗ್ ಶೀಟನ್ನು ಊಟದ ಮೇಜಿನ ಮೇಲೆ ಹರಡಿ, ಇದೇ ಕಂಪ್ಯೂಟರಿನ ಪರದೆ ಅಂದುಕೊಳ್ಳಿ ಎಂದಳು. ಚೀಟಿಗಳನ್ನು ಕತ್ತರಿಸಿ ಒಂದರ ಮೇಲೆ ಪ್ರಶ್ನೆ, ಒಂದರ ಮೇಲೆ ಚಿತ್ರ, ಇನ್ನೊಂದರ ಮೇಲೆ ಉತ್ತರ ಎಂದು ಬರೆದಳು. ರಾಜೀಮತಿ ಚೌಕಾಬಾರ ಆಡುವವರ ಹಾಗೆ ಅವನ್ನು ಅತ್ತಿತ್ತ ಸರಿಸಿದರು. ಪ್ರಶ್ನೆ ಮೇಲೆ ಹೋಯಿತು, ಚಿತ್ರ ಪಕ್ಕಕ್ಕೆ, ಉತ್ತರ ಕೆಳಕ್ಕೆ. ಆಮೇಲೆ ಕೈ ಚಾಚಿದರು.

"ಇನ್ನೊಂದು ಖಾಲಿ ಚೀಟಿ ಕೊಡು."

"ಯಾತಕ್ಕೆ ಮೇಡಂ?"

"ತಪ್ಪು ಉತ್ತರಕ್ಕೆ."

ಮೇಘಶ್ರೀ ಕತ್ತರಿ ಹಿಡಿದುಕೊಂಡೇ ಅವರ ಮುಖ ನೋಡಿದಳು.

"ತ್ರಿಭುಜದ ವಿಸ್ತೀರ್ಣ ಹದಿನೆಂಟು ಬರಬೇಕು ಅಂತಿಟ್ಕೋ. ಮಗು ಮೂವತ್ತಾರು ಅಂತ ಬರೆದ್ರೆ ಅದು ದಡ್ಡತನ ಅಲ್ಲ, ಅರ್ಧ ಮಾಡೋದು ಮರೆತಿದೆ ಅಷ್ಟೆ. ಕ್ಲಾಸಲ್ಲಾದ್ರೆ ಪಕ್ಕದಲ್ಲಿ ನಿಂತು ಹೇಳ್ತೀನಿ. ನಿನ್ನ ಈ ಪುಟದಲ್ಲಿ ನಾನು ಎಲ್ಲಿ ನಿಂತ್ಕೊಳ್ಳಲಿ?"

ಮೇಘಶ್ರೀ ಚೀಟಿ ಕತ್ತರಿಸಿ ಕೊಟ್ಟಳು. ಒಂದಲ್ಲ, ಒಂದು ಹಿಡಿ. ಅಷ್ಟು ಹೊತ್ತಿಗೆ ಟೀಚರ್ ಗಂಡ ಜಿನದತ್ತ ಅಂಗಡಿಯಿಂದ ಬಂದು ಕಿಟಕಿಯಾಚೆ ಬಿಸಿಲು ನೋಡಿದರು. "ನಮ್ಮಲ್ಲಿ ಹೊತ್ತು ಮುಳುಗೋದ್ರೊಳಗೆ ಊಟ ಆಗ್ಬೇಕು. ನಿಮ್ಮ ಕಂಪ್ಯೂಟರ್ ಸ್ವಲ್ಪ ಮಡಿಚಿಕೊಂಡ್ರೆ ತಟ್ಟೆ ಇಡ್ತೀನಿ." ಮೇಘಶ್ರೀ ಚೀಟಿಗಳು ಇದ್ದ ಹಾಗೇ ಒಂದು ಫೋಟೋ ತೆಗೆದುಕೊಂಡು, ಶೀಟು ಸುತ್ತಿಟ್ಟು ಊಟಕ್ಕೆ ಕೂತಳು. ಹಾಸನದ ಬಸ್ಸು ಚನ್ನರಾಯಪಟ್ಟಣ ದಾಟಿದರೂ ಅವಳ ಕಣ್ಣು ಆ ಫೋಟೋ ಬಿಟ್ಟು ಕದಲಲಿಲ್ಲ.

"ಟ್ರೈನಿಂಗ್ ಕೊಟ್ರಾ?" ಎಂದು ಮಾರನೆಯ ದಿನ ಶಾಂತರಾಜು ಕೇಳಿದರು.

"ಇಲ್ಲ ಸಾರ್, ತಗೊಂಡ್ಬಂದೆ."

ಅವರು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಅರಕಲಗೂಡಿನಲ್ಲಿ ಮೇಷ್ಟ್ರುಗಳ ಸಭೆಯಿದೆ, ಅಷ್ಟರೊಳಗೆ ಮಾಡಿ ತೋರಿಸಿ ಎಂದರು.

ಮೇಘಶ್ರೀ ಕಂಸಗಳನ್ನೆಲ್ಲ ಪರದೆಯ ಹಿಂದಕ್ಕೆ ತಳ್ಳಿದಳು. ಎದುರಿಗೆ ಉಳಿದದ್ದು ಬಿಳಿ ಹಾಳೆಯಂಥ ಪುಟ. ಎಡಕ್ಕೆ ಬರೆಯುತ್ತ ಹೋದರೆ ಬಲಕ್ಕೆ ಮಗುವಿಗೆ ಕಾಣುವ ಹಾಗೇ ಲೆಕ್ಕ ಮೂಡುತ್ತಿತ್ತು. ಮಗು ಅರ್ಧವನ್ನು ಭಿನ್ನರಾಶಿಯಲ್ಲಿ ಬರೆದರೂ ಸರಿ, ದಶಮಾಂಶದಲ್ಲಿ ಬರೆದರೂ ಸರಿ, ಕನ್ನಡದ ಅಂಕಿಯಲ್ಲಿ ಬರೆದರೂ ಸರಿ. ಉತ್ತರದ ಕೆಳಗೆ ತಪ್ಪು ಉತ್ತರಗಳಿಗೆ ಜಾಗ, ಪ್ರತಿಯೊಂದರ ಪಕ್ಕದಲ್ಲಿ ಟೀಚರ್ ಹೇಳುವ ಮಾತಿಗೆ ಜಾಗ.

ಅರಕಲಗೂಡಿನ ಸಭೆಗೆ ಮಲ್ಲಿಪಟ್ಟಣದಿಂದ ಅನಿಲ್‌ಕುಮಾರ್ ಮೇಷ್ಟ್ರು ಬಂದಿದ್ದರು. ಹೊಸದು ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುವ ಮನುಷ್ಯ. ಅಂಥವರೂ ಪುಟದ ಮುಂದೆ ಕೂತು ಶುಂಠಿ ಮೂಟೆಗಳ ಒಂದು ಉದ್ದನೆಯ ಲೆಕ್ಕವನ್ನು ಹುರುಪಿನಿಂದ ಬರೆದರು. ಕೊನೆಯ ಸಾಲಿನಲ್ಲಿ ಬೆರಳು ಎಲ್ಲೋ ತಾಗಿತು. ಪುಟ ಖಾಲಿಯಾಯಿತು.

"ಓಯ್ತು," ಎಂದರು ಅನಿಲ್‌ಕುಮಾರ್. "ಬೋರ್ಡಲ್ಲಾದ್ರೆ ಒರೆಸಿದ್ ಮ್ಯಾಲೂ ಅಚ್ಚು ಕಾಣ್ತದೆ ಕಣ್ ಮೇಡಂ. ಇದ್ರಾಗೆ ಅದೂ ಇಲ್ವಲ್ಲ."

ಕೈತಪ್ಪಿ ಅಳಿಸಿದ್ದನ್ನು ವಾಪಸು ತರುವ ದಾರಿಯನ್ನೇ ಮೇಘಶ್ರೀ ಇಟ್ಟಿರಲಿಲ್ಲ. "ತಪ್ಪು ನಂದೇ ಸಾರ್," ಎಂದು ಪಕ್ಕದಲ್ಲಿ ಕೂತು, ಅವರು ಹೇಳಿದ ಹಾಗೆ ಆ ಲೆಕ್ಕವನ್ನು ಮತ್ತೆ ಮೊದಲಿಂದ ಟೈಪು ಮಾಡಿಕೊಟ್ಟಳು. ಹಾಸನಕ್ಕೆ ಹಿಂತಿರುಗಿ ಮೊದಲು ಮಾಡಿದ ಕೆಲಸವೇ ಅದರ ರಿಪೇರಿ. ಮುಂದಿನ ಸಭೆಯಲ್ಲಿ ಅನಿಲ್‌ಕುಮಾರ್ ನಾಲ್ಕು ಸಾಲು ಬರೆದು ಬೇಕೆಂದೇ ಅಳಿಸಿದರು, ವಾಪಸು ತಂದರು, ಮತ್ತೆ ಅಳಿಸಿದರು, ಮತ್ತೆ ತಂದರು. ಸಮಾಧಾನವಾದ ಮೇಲೆ ತೋಳು ಮಡಿಚಿಕೊಂಡರು. "ಇವಾಗ ಬರೀತೀನಿ."

ಅದೇ ಸಭೆಗೆ ಬಂದಿದ್ದ ರಾಜೀಮತಿ, 'ಮಗುವಾಗಿ ನೋಡಿ' ಎಂಬ ಹೊಸ ಬಟನ್ ಒತ್ತಿ ತಮ್ಮ ತ್ರಿಭುಜದ ಲೆಕ್ಕವನ್ನು ತಾವೇ ಬಿಡಿಸಿದರು. ಹದಿನೆಂಟು ಎಂದು ಬರೆದರೆ ಪುಟ ತಪ್ಪು ಎಂದಿತು. ನೋಡಿದರೆ, ಲೆಕ್ಕ ಬರೆಯುವಾಗ ಸರಿ ಉತ್ತರದ ಜಾಗದಲ್ಲಿ ಅವರೇ ಮೂವತ್ತಾರು ಎಂದು ಹಾಕಿದ್ದರು. "ಅರ್ಧ ಮಾಡೋದು ಮರ್ತ್‌ಬುಟ್ರಿ ಟೀಚರ್," ಎಂದು ಅನಿಲ್‌ಕುಮಾರ್ ಹಿಂದಿನ ಬೆಂಚಿನಿಂದ ಹೇಳಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ರಾಜೀಮತಿಯೇ.

ಮಳೆಗಾಲ ಕಳೆಯುವ ಹೊತ್ತಿಗೆ ಫೋಟೋಗಳು ಬರುವುದು ನಿಂತೇಹೋಯಿತು. ಮೇಷ್ಟ್ರುಗಳು ತಮ್ಮ ಲೆಕ್ಕ ತಾವೇ ಬರೆದು ಹಾಕತೊಡಗಿದರು. ಹೀಗಿರುವಾಗ ಒಂದು ಮಧ್ಯಾಹ್ನ ಅನಿಲ್‌ಕುಮಾರ್ ಫೋನ್ ಮಾಡಿದರು.

"ಒಂದು ಕಂಪ್ಲೇಂಟ್ ಐತೆ ಮೇಡಂ. ನಮ್ಮ ಮಕ್ಕಳು ಬೇಕೂಂತ್ಲೇ ತಪ್ಪು ಬರೀತಾವೆ."

"ಯಾಕೆ ಸಾರ್?"

"ಸರಿ ಬರೆದ್ರೆ ನಿಮ್ದು ಬರೀ 'ಸರಿ' ಅಂತದೆ. ತಪ್ಪು ಬರೆದ್ರೆ ಮಾತಾಡ್ತದೆ. ತೇಜಶ್ರೀ, ಓದವ್ವ ಮೇಡಮ್ಮೋರ್ಗೆ."

ಒಂದು ಹುಡುಗಿ ಗಂಟಲು ಸರಿಮಾಡಿಕೊಂಡು ಓದಿದಳು: "ಅರ್ಧ ದೋಸೆ ಕೇಳಿದರೆ ಇಡೀ ದೋಸೆ ತಂದಿದ್ದೀಯಲ್ಲ ಮಗು. ಇನ್ನೊಮ್ಮೆ ನೋಡು." ಹಿಂದೆ ಇಡೀ ಕ್ಲಾಸು ನಗುತ್ತಿರುವುದು ಮೇಘಶ್ರೀಗೆ ಫೋನಿನಲ್ಲಿ ಕೇಳಿಸಿತು. ರಾಜೀಮತಿಯವರ ಮಾತು ಬೆಳಗೊಳದಿಂದ ಮಲ್ಲಿಪಟ್ಟಣದವರೆಗೆ ನಡೆದುಹೋಗಿ ಮಕ್ಕಳ ಪಕ್ಕದಲ್ಲಿ ನಿಂತಿತ್ತು.

ಅವಳು ತಕ್ಷಣ ಟೀಚರಿಗೆ ಫೋನ್ ಮಾಡಿದಳು. "ಮೇಡಂ, ಸರಿ ಉತ್ತರಕ್ಕೂ ಒಂದು ಮಾತು ಬೇಕಂತೆ. ಜಾಗ ಇವತ್ತೇ ಮಾಡ್ತೀನಿ. ನೀವು ಬರೀತೀರಾ?"

"ಬರೀತೀನಿ," ಎಂದರು ರಾಜೀಮತಿ. "ಆದ್ರೆ ಮೆಚ್ಚಿ ಮಾತಾಡೋದು ತಿದ್ದೋದಕ್ಕಿಂತ ಕಷ್ಟ ಕಣೆ. ನಾಕು ದಿನ ಟೈಮ್ ಕೊಡು."

ಆ ನಾಕು ದಿನವೂ ಮಲ್ಲಿಪಟ್ಟಣದ ಮಕ್ಕಳು ತಪ್ಪು ಉತ್ತರಗಳನ್ನು ಹುಡುಕಿ ಹುಡುಕಿ ಬರೆದರು. ಅವು ಒಂದೊಂದಾಗಿ ತನ್ನ ಪರದೆಯ ಮೇಲೆ ಬಂದು ಬೀಳುವುದನ್ನು ನೋಡುತ್ತ ಮೇಘಶ್ರೀ ಆಫೀಸಿನಲ್ಲಿ ಒಬ್ಬಳೇ ನಗುತ್ತಿದ್ದಳು. ಏನಮ್ಮ ಅದು ಎಂದು ಶಾಂತರಾಜು ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕದಲ್ಲಿ ಕೂತರು.