ತಂಗಿಯ ಹೆಸರಿಗೆ ನಾನು ತಂದ ಇಂಗ್ಲಿಷ್

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬ ಒಂದು ಮಾತನ್ನು ನಾನು ನನ್ನ ತಂಗಿಗೆ ಹೇಳಲಿಲ್ಲ. ಹೇಳಲು ಅರೆಗಳಿಗೆ ಸಾಕಿತ್ತು. ಹೇಳದೆ ಎರಡು ವರ್ಷ ಕಳೆದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಆಗ ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ನಾನು ನಾಲ್ಕು ಮುಗಿಸಿ ಶಾಲೆ ಬಿಟ್ಟವಳು. ಅವ್ವ ಗದ್ದೆಗೆ ಹೋದರೆ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಆ ಕೂಸೇ ನನ್ನ ತಂಗಿ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗುತ್ತಿದ್ದೆ. ಶಾಲೆ ಬಿಟ್ಟೆನಲ್ಲ ಎಂಬ ದುಃಖ ಆಗ ನನಗೆ ಸ್ವಲ್ಪವೂ ಇರಲಿಲ್ಲ.

ಅವಳ ಹೆಸರು ಲೋಕಪಾವನಿ. ಅದು ನಾಗಮಂಗಲದ ಕಡೆಯಿಂದ ಬಂದು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಸೇರುವ ಸಣ್ಣ ಹೊಳೆಯ ಹೆಸರು. ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮ ಗದ್ದೆ ಆ ಹೊಳೆಯ ಮಗ್ಗುಲಲ್ಲೇ ಇದ್ದುದರಿಂದ ತಾತ ಹಟ ಹಿಡಿದು ಆ ಹೆಸರಿಟ್ಟಿದ್ದ. ಕಾವೇರಿ ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದರು. ಲೋಕಪಾವನಿ ಮಾತ್ರ ಒಬ್ಬಳೇ. ಮನೆಯಲ್ಲಿ ಲೋಕಿ ಎನ್ನುತ್ತಿದ್ದೆವು.

ಅವಳು ಐದಕ್ಕೆ ಬಂದಾಗ ಇಂಗ್ಲಿಷ್ ಮೇಷ್ಟ್ರು ಮಕ್ಕಳಿಗೆ ಒಂದು ಆಟ ಕಲಿಸಿದರು. ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ಅದರ ಅಕ್ಷರವೋ ಸದ್ದೋ ಇರುವ ಇಂಗ್ಲಿಷ್ ಪದಗಳನ್ನು ಹುಡುಕಿ ಶನಿವಾರ ಎದ್ದು ನಿಂತು ಹೇಳಬೇಕು. ಲೋಕಿಗೆ ಇದು ಹುಚ್ಚು ಹಿಡಿಸಿತು. ಒಂದು ಸಂಜೆ ನಾನು ಕಾಕಡ ಹೂವು ಕಟ್ಟುತ್ತ ಕೂತಿದ್ದಾಗ ಸುಣ್ಣದ ಚೂರು ಹಿಡಿದು ಓಡಿಬಂದು ಕೊಟ್ಟಿಗೆಯ ಗೋಡೆಯ ಮೇಲೆ ತನ್ನ ಹೆಸರು ಬರೆದಳು.

"ಅಕ್ಕ, ನೋಡಿಲ್ಲಿ. ನನ್ನೆಸ್ರೊಳ್ಗೆ ಒಂದು ವ್ಯಾನು ನಿಂತದೆ!"

"ಯಾರ್ದೇ ವ್ಯಾನು?"

"ಯಾರ್ದೂ ಅಲ್ಲ ಕಣಕ್ಕ, ವಿ ಎ ಎನ್ನು. ಇಲ್ಲಿ ನೋಡು, ಓಕೇನೂ ಅದೆ. ಓ, ಕೆ."

"ಸರಿ, ಆ ವ್ಯಾನ್ನೇ ಅತ್ಕೊಂಡು ಓಗು ಮತ್ತೆ. ಎಮ್ಮೆಗೆ ಹುಲ್ಲಾಕ್ಬುಟ್ಟು ಓಗು," ಎಂದೆ. ಅವಳು ನಕ್ಕು ನಕ್ಕು ಹೂವಿನ ರಾಶಿಯ ಮೇಲೇ ಬಿದ್ದಳು.

ಗೋಡೆ ತುಂಬುತ್ತ ಹೋಯಿತು. ನಾನು ದಿನವೂ ಮೊದಲ ಬಸ್ಸಿಗೆ ಶ್ರೀರಂಗಪಟ್ಟಣಕ್ಕೆ ಹೋಗಿ ದೇವಸ್ಥಾನದ ಹತ್ತಿರ ಹೂವು ಮಾರುತ್ತಿದ್ದೆ. ಕಂಡಕ್ಟರ ಬಾಯಿಂದ ಕೇಳಿದ ರೈಟ್, ಹೋಲ್ಡಾನ್‌ಗಳನ್ನು ಮನೆಯಲ್ಲಿ ಗತ್ತಿನಿಂದ ಆಡುತ್ತಿದ್ದೆ. ಅಕ್ಕನಿಗೆ ಇಂಗ್ಲಿಷ್ ಬರುತ್ತದೆ ಎಂದು ಲೋಕಿ ನಂಬಿದ್ದಳು. ನಾನೂ ಇಲ್ಲವೆನ್ನಲಿಲ್ಲ. ಪಟ್ಟಣದಿಂದ ಪದ ತಂದುಕೊಡು ಎಂದು ದುಂಬಾಲು ಬಿದ್ದಳು. ಸೈಕಲ್ ಅಂಗಡಿಯಿಂದ ಲಾಕು ತಂದುಕೊಟ್ಟೆ. ಕಂಡಕ್ಟರಿಂದ ಲೋಕಲ್ಲು ತಂದುಕೊಟ್ಟೆ. ಒಂದೊಂದಕ್ಕೂ ಅವಳು ನನ್ನ ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಆ ಜೋತುಬೀಳುವಿಕೆಯ ರುಚಿ ನನಗೆ ಹತ್ತಿಬಿಟ್ಟಿತು.

ಆಮೇಲೆ ಪದ ಸಿಗಲಿಲ್ಲ. ಅಂಗಡಿಗಳ ಮೇಲೆ ಇಂಗ್ಲಿಷ್ ಬೋರ್ಡುಗಳೇನೋ ಸಾಲಾಗಿ ಇದ್ದವು. ನನ್ನ ಕಣ್ಣಿಗೆ ಅವು ಕೋಳಿ ಕೆದರಿದ ಹಾಗೆ ಕಾಣುತ್ತಿದ್ದವು. ಒಂದು ಶುಕ್ರವಾರ ಅವಳು ಬಾಗಿಲಲ್ಲೇ ಕಾದಿದ್ದಳು. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ.

"ಲೊಕೇವ," ಎಂದುಬಿಟ್ಟೆ.

"ಅಂಗಂದ್ರೆ?"

"ಮಾರಾಣಿ ಅಂತೆ. ಗುಂಬಜ್ ನೋಡಾಕೆ ಬರ್ತಾರಲ್ಲ ಫಾರಿನ್ನೋರು, ಅವ್ರಲ್ಲೊಬ್ಳು ಏಳುದ್ಲು. ಬಸ್ ಸ್ಟಾಂಡ್ ತಾವ್ಲ ಹೋಟ್ಲು ಬೋರ್ಡ್ ಮೇಲೇ ಬರ್ದವ್ರೆ."

ಸುಳ್ಳಿಗೆ ಇಷ್ಟೊಂದು ಕೈಕಾಲು ಹೇಗೆ ಬಂದವೋ ನನಗೇ ತಿಳಿಯದು. ಅವಳು ಅದನ್ನು ಗೋಡೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಬರೆದಳು.

ಮಾರನೆಯ ದಿನ ಶಾಲೆಯಲ್ಲಿ ಎದ್ದು ನಿಂತು ಹೇಳಿದಳಂತೆ. ಮೇಷ್ಟ್ರು ಡಿಕ್ಷನರಿ ತರಿಸಿ ಹುಡುಕಿದರಂತೆ. "ಇಂಥ ಪದ ಇಲ್ಲಮ್ಮ, ತಪ್ಪು ಅಂತ ಒಪ್ಪಿಕೊಂಡು ಕೂತ್ಕೊ," ಎಂದರೆ ಇವಳು ಕೂರಲಿಲ್ಲ. "ನಮ್ಮಕ್ಕ ಸುಳ್ಳು ಏಳಾಕಿಲ್ಲ ಸಾ," ಎಂದು ಪೀರಿಯಡ್ ಮುಗಿಯುವವರೆಗೂ ನಿಂತೇ ಇದ್ದಳಂತೆ. ಇದನ್ನೆಲ್ಲ ನನಗೆ ಹೇಳಿದವಳು ಪಕ್ಕದ ಮನೆಯ ಹುಡುಗಿ. ಲೋಕಿ ಸಂಜೆ ಮನೆಗೆ ಬಂದು ಕೇಳಿದ್ದು ಒಂದೇ ಮಾತು:

"ಅಕ್ಕ, ಆ ಬೋರ್ಡಲ್ಲಿ ಅಕ್ಸರ ಎಂಗದೆ ಅಂತ ಬರ್ಕೊಂಡ್ ಬತ್ತೀಯಾ? ಮೇಷ್ಟ್ರಿಗೆ ಗೊತ್ತಿಲ್ಲ."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು ಒಲೆಯ ಕಡೆ ತಿರುಗಿ, "ಆ ಬೋರ್ಡ್ ಬಿಚ್ಚಾಕ್ಬುಟ್ರು ಕಣೆ," ಎಂದೆ. ಮುದ್ದೆ ತೊಳಸುವುದರಲ್ಲಿ ಮುಖ ಮರೆಸಿಕೊಂಡೆ.

ಅಲ್ಲಿಂದ ಊರ ಹುಡುಗರಿಗೆ ಅವಳು ಲೊಕೇವ ಆದಳು. "ಮಾರಾಣಿ ಬಂದ್ಲು, ದಾರಿ ಬುಡ್ರಲಾ!" ಎಂದು ಭತ್ತದ ಬಯಲಲ್ಲಿ ಕೂಗುತ್ತಿದ್ದರು. ಅವಳು ಅತ್ತವಳಲ್ಲ. "ಉಂ, ಬುಡ್ರಿ ಮತ್ತೆ," ಎಂದು ತಲೆಯೆತ್ತಿಕೊಂಡು ನಡೆಯುತ್ತಿದ್ದಳು. ನಮ್ಮ ಮನೆಯಲ್ಲಿ ನಗುವಿಗೇನೂ ಕಡಿಮೆ ಇರಲಿಲ್ಲ. ಎಮ್ಮೆ ಕರು ಹಾಕಿತು, ಹೂವಿಗೆ ಒಳ್ಳೆಯ ಬೆಲೆ ಬಂತು, ರಾತ್ರಿ ಒಂದೇ ಕಂಬಳಿಯಲ್ಲಿ ಕಾಲಲ್ಲಿ ಒದೆದಾಡಿಕೊಂಡು ಮಲಗಿದೆವು. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದಾಗ ಅವಳು ಒಂದು ಸಲ ನನ್ನ ಕಡೆ ನೋಡಿ ನಗುತ್ತಿದ್ದಳು, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ನಿಜ ಒಂದಿದೆ ಎನ್ನುವ ಹಾಗೆ. ಆ ನಗುವನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವಳು ನನ್ನ ಜೊತೆ ಹೂವು ಮಾರಲು ಬಂದಳು. ಬಸ್ಸಿಳಿದವಳೇ ಹೋಟೆಲಿನ ಮುಂದೆ ನಿಂತಳು. ಗಲ್ಲಾದಲ್ಲಿ ಕೂತಿದ್ದ ಮುದುಕರನ್ನು ಕೇಳಿದಳು:

"ತಾತ, ಮುಂಚೆ ಇಲ್ಲಿ ಲೊಕೇವ ಅಂತ ಬೋರ್ಡ್ ಇತ್ತಲ್ಲ, ಯಾಕ್ ಬಿಚ್ಚಾಕುದ್ರಿ?"

"ಎಂಥ ಲೊಕೇವಾನವ್ವ? ನಮ್ಮಪ್ಪನ ಕಾಲದಿಂದ ಇದೇ ಬೋರ್ಡು."

"ಇಲ್ಲ ತಾತ, ಇತ್ತು. ನಿಮ್ಗೆ ಮರ್ತೋಗದೆ. ನಮ್ಮಕ್ಕ ಕಣ್ಣಾರೆ ನೋಡವ್ಳೆ."

ಕಾಫಿ ಕುಡಿಯುತ್ತಿದ್ದವರು ನಕ್ಕರು. ಅವಳ ಕಿವಿ ಕೆಂಪಾಯಿತು. ಆದರೂ ಅವಳು ಅಲ್ಲಿಂದ ಕದಲಲಿಲ್ಲ. ಕ್ಲಾಸಿನಲ್ಲಿ ಅವಳು ಹೇಗೆ ನಿಂತಿದ್ದಳು ಎಂದು ನಾನು ಕಂಡಿರಲಿಲ್ಲ. ಅಂದು ಕಂಡೆ. ಹೂವಿನ ಬುಟ್ಟಿ ಕೆಳಗಿಟ್ಟು ಅವಳ ಕೈ ಹಿಡಿದು ಪಕ್ಕಕ್ಕೆ ಕರೆದೆ. ಪಕ್ಕಕ್ಕೆ ಕರೆದದ್ದೂ ಸರಿಯಲ್ಲ ಅನ್ನಿಸಿತು. ಮತ್ತೆ ಅವರೆಲ್ಲರ ಎದುರಿಗೇ ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಬೋರ್ಡೂ ಇರ್ಲಿಲ್ಲ, ಫಾರಿನ್ನೋಳೂ ಇರ್ಲಿಲ್ಲ ಕಣವ್ವ. ನಂಗೆ ಇಂಗ್ಲೀಸು ಒಂದಕ್ಸರಾನೂ ಓದಾಕೆ ಬರಾಕಿಲ್ಲ. ನಿನ್ ಮುಂದೆ ಒಪ್ಕಳಾಕೆ ನಾಚ್ಕೆಯಾಗಿ ಸುಳ್ಳು ಏಳ್ದೆ. ನೀನು ನನ್ನ ವಯಿಸ್ಕೊಂಡು ನಿಂತಾಗ್ಲೂ ಸುಮ್ಕಿದ್ದೆ. ನಂದು ತಪ್ಪಾಯ್ತು ಕಣವ್ವ, ತಪ್ಪಾಯ್ತು."